ಬೂದಿಯ ಸಾಯಂಕಾಲದ ಇಂಜೆಕ್ಷನ್

ಕಂಪ್ಯೂಟರಿನ ಪರದೆಯನ್ನು ಚೂಟಿ ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲಕ್ಕೂ ಓದಿದಳು. ಬೂದಿಯ ಸಾಲು ಎಲ್ಲೂ ಇರಲಿಲ್ಲ.

ಮೊಲದ ಕಾಲಿಗೆ ಬ್ಯಾಂಡೇಜ್ ಕಟ್ಟುವುದು ಇತ್ತು. ಗಿಳಿಯ ಪಂಜರ ತೊಳೆಯುವುದು ಇತ್ತು. ಕುಂಟು ಬೆಕ್ಕಿನ ಮಾತ್ರೆಯೂ ಇತ್ತು. 'ಬೂದಿ - ಸಾಯಂಕಾಲದ ಇಂಜೆಕ್ಷನ್' ಅನ್ನುವ ಸಾಲು ಮಾತ್ರ ಮಾಯ. 

ಸ್ವಲ್ಪ ಹೊತ್ತಿನ ಕೆಳಗೆ ಕಾಂಪೌಂಡರ್ ಮಾಮ ಹಿಂದಿನ ಕೋಣೆಯಿಂದಲೇ ಕೂಗಿ ಹೇಳಿದ್ದರು, ಎಲ್ಲರ ನೀರು ಬದಲಾಯಿಸಿ ಆಯಿತು, ಆಡಿನ ಗಾಯಕ್ಕೆ ಮುಲಾಮು ಹಚ್ಚಿ ಆಯಿತು, ಅವನ್ನೆಲ್ಲ ಅಳಿಸಿಬಿಡು ಅಂತ. ಚೂಟಿ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೌಸ್ ಎಳೆದು, ಸಾಲುಗಳನ್ನೆಲ್ಲ ಒಟ್ಟಿಗೆ ನೀಲಿ ಮಾಡಿ ಡಿಲೀಟ್ ಒತ್ತಿದ್ದಳು. ಸೇವ್ ಮಾಡಿ ಫೈಲ್ ಕ್ಲೋಸ್ ಕೂಡ ಮಾಡಿದ್ದಳು. ಆ ನೀಲಿಯೊಳಗೆ ಬೂದಿಯ ಸಾಲೂ ಸೇರಿಹೋಯಿತೇ? ಬಿಸ್ಕತ್ತಿನ ಮೇಲೆ ಇದ್ದ ಗಮನ ಸಾಲಿನ ಮೇಲೆ ಇದ್ದಿದ್ದರೆ ತಾನೇ ಗೊತ್ತಾಗುವುದು!

ಚೂಟಿಯ ಅಮ್ಮ ಪ್ರಾಣಿಗಳ ಡಾಕ್ಟರ್. ಮನೆಯ ಮುಂಭಾಗವೇ ಆಸ್ಪತ್ರೆ. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಗೂಡುಗಳು. ಕಾಯಿಲೆ ಬಿದ್ದ ಪ್ರಾಣಿಗಳು ಅಲ್ಲೇ ಉಳಿದುಕೊಂಡು ವಾಸಿಯಾಗಿ ಹೋಗುತ್ತವೆ. ಯಾರಿಗೆ ಯಾವಾಗ ಏನು ಕೊಡಬೇಕು ಅನ್ನುವುದನ್ನು ನೆನಪಿಟ್ಟುಕೊಳ್ಳುವುದೇ ಅಲ್ಲಿ ದೊಡ್ಡ ತಲೆನೋವು.

ಮೊದಲು ಕಾಂಪೌಂಡರ್ ಮಾಮ ಚೀಟಿ ಬರೆದು ಗೂಡಿನ ಬಾಗಿಲಿಗೆ ಅಂಟಿಸುತ್ತಿದ್ದರು. ಈ ಆಡು ಬಂತು ನೋಡಿ, ಕಟ್ಟಿದ ಹಗ್ಗ ಬಿಚ್ಚಿಕೊಂಡು, ಅಕ್ಕಪಕ್ಕದವರ ಚೀಟಿಗಳನ್ನೆಲ್ಲ ಮೇಯ್ದು, ಏನೂ ಗೊತ್ತಿಲ್ಲದ ಹಾಗೆ ನಿಂತುಬಿಟ್ಟಿತು.

ಆಗ ಕಾಲೇಜಿಗೆ ಹೋಗುವ ಅಣ್ಣ, ನಾನು ಡೇಟಾಬೇಸ್ ಮಾಡಿಕೊಡ್ತೀನಿ ಅಂತ ಮುಂದೆ ಬಂದ. ಮಾಡಿಯೂ ಕೊಟ್ಟ. ಬಣ್ಣಬಣ್ಣದ ಬಟನ್‌ಗಳು, ಪರದೆಯ ತುಂಬ ಖಾಲಿ ಡಬ್ಬಿಗಳು. ತಳಿ ಯಾವುದು, ಬಣ್ಣ ಯಾವುದು, ಮಾಲೀಕರ ವಿಳಾಸ ಏನು ಅಂತ ಎಲ್ಲವನ್ನೂ ತುಂಬದೆ ಇದ್ದರೆ ಅದು ಕೆಂಪಗಾಗಿ ಮುಂದಕ್ಕೇ ಹೋಗುತ್ತಿರಲಿಲ್ಲ. ಇದನ್ನೆಲ್ಲ ತುಂಬಿಸೋ ಹೊತ್ತಿಗೆ ಮೊಲ ಬಾಯಾರಿ ಮೂರ್ಛೆ ಹೋಗಿರುತ್ತೆ ಅಂದರು ಮಾಮ. ಅಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ.

ಆಮೇಲೆ ಬಂದಿದ್ದು ಚೂಟಿಯ ಫೈಲು. ಬಣ್ಣ ಇಲ್ಲ, ಡಬ್ಬಿ ಇಲ್ಲ. ಬಿಳಿ ಹಾಳೆ, ಕಪ್ಪು ಅಕ್ಷರ. ಒಂದು ಕೆಲಸಕ್ಕೆ ಒಂದು ಸಾಲು. ಕೆಲಸ ಮುಗಿಸಿದವರು ಬಂದು ಆ ಸಾಲನ್ನು ಅಳಿಸಬೇಕು, ಅಷ್ಟೇ ರೂಲ್ಸು. ಬಂದವರೆಲ್ಲರ ಎದುರು ಅಮ್ಮ ಅದನ್ನು ಹೊಗಳಿದ್ದೇ ಹೊಗಳಿದ್ದು. ಅಂದಿನಿಂದ ಚೂಟಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ದೊಡ್ಡವರ ಆಸ್ಪತ್ರೆ ತನ್ನ ಫೈಲಿನ ಮೇಲೆ ನಡೆಯುತ್ತಿದೆ ಅಂದರೆ ಸುಮ್ಮನೆಯೇ?

ಈಗ ಅದೇ ಫೈಲಿನಲ್ಲಿ ಬೂದಿ ಇಲ್ಲ.

ಬೂದಿ ಅಂದರೆ ಬೂದುಬಣ್ಣದ ಮುದಿ ನಾಯಿ. ಅದಕ್ಕೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಇಂಜೆಕ್ಷನ್ ಆಗಲೇಬೇಕು. ಅದು ಚೂಟಿಯ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಜುಟ್ಟಿಯ ನಾಯಿ. ಮನೆಯವರೆಲ್ಲ ಪರವೂರಿಗೆ ಹೋಗಬೇಕಾಗಿ ಬಂದು, ಜುಟ್ಟಿ ಅದನ್ನು ಇಲ್ಲಿ ಬಿಟ್ಟು ಹೋಗಿದ್ದಳು. ಹೋಗುವಾಗ ಅಳು ನುಂಗಿಕೊಂಡು, "ನಿನ್ನ ನಂಬಿ ಬಿಟ್ಟು ಹೋಗ್ತಿದ್ದೀನಿ ಕಣೇ," ಅಂದಿದ್ದಳು.

ಅಮ್ಮನನ್ನು ಕೇಳೋಣವೆಂದರೆ ಅಮ್ಮ ಮನೆಯಲ್ಲಿಲ್ಲ. ಊರಾಚೆ ಯಾವುದೋ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆ ಅಂತ ಫೋನ್ ಬಂದು, ಚೂಟಿ ಸ್ಕೂಲಿನಿಂದ ಬರುವ ಮೊದಲೇ ಹೊರಟುಹೋಗಿದ್ದರು.

ಮಾಮನಿಗೆ ಹೇಳಿಬಿಡಲೇ? ಹೇಳಿದರೆ ಮಾಮ ಅಮ್ಮನಿಗೆ ಹೇಳುತ್ತಾರೆ. ಅಮ್ಮ ಫೈಲು ಬೇಡ ಅನ್ನುತ್ತಾರೆ. ಅಣ್ಣನಂತೂ ಜನ್ಮವಿಡೀ ಆಡಿಕೊಂಡು ನಗುತ್ತಾನೆ. ಅಷ್ಟೆಲ್ಲ ರಾದ್ಧಾಂತ ಯಾಕೆ? ಹೋದ ಸಾಲನ್ನು ಮತ್ತೆ ಬರೆದರಾಯಿತು. ಯಾರು ನೋಡಿದ್ದಾರೆ?

ಚೂಟಿ ಆಚೀಚೆ ನೋಡಿ, ಟಕಟಕ ಟೈಪ್ ಮಾಡಿದಳು. 'ಬೂದಿ - ಸಾಯಂಕಾಲದ ಇಂಜೆಕ್ಷನ್.' ಸೇವ್. ಸಾಲು ಮೊದಲಿಂದಲೂ ಅಲ್ಲೇ ಇದ್ದಂತೆ ಕಾಣುತ್ತಿತ್ತು. ಹಳೆಯದು ಯಾವುದು, ಈಗ ಬರೆದದ್ದು ಯಾವುದು, ದೇವರಿಗೂ ಗೊತ್ತಾಗುವಂತಿರಲಿಲ್ಲ. ಅವಳು ಉಸಿರು ಬಿಟ್ಟಳು.

ಅಷ್ಟರಲ್ಲಿ ಮಾಮ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಕನ್ನಡಕ ಮೇಲೇರಿಸಿ ಪರದೆ ನೋಡಿದರು. ಬೂದಿಯದು ಬಾಕಿ ಇದೆಯಾ, ಡಾಕ್ಟರಮ್ಮ ಹೊರಡೋ ಗಡಿಬಿಡೀಲಿ ಮರೆತಿರಬೇಕು ಅಂತ ತಮ್ಮಷ್ಟಕ್ಕೇ ಹೇಳಿಕೊಂಡು ಫ್ರಿಜ್ ಬಾಗಿಲು ತೆರೆದರು. ಪುಟ್ಟ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರು. ಸೂಜಿ ಚುಚ್ಚಿ, ಬೆಳಕಿಗೆ ಹಿಡಿದು, ಗೆರೆ ನೋಡಿ ಔಷಧಿ ಎಳೆದುಕೊಂಡರು.

"ಬಾ ಮರಿ, ತಲೆ ಹಿಡ್ಕೋ," ಅಂದರು.

ಚೂಟಿ ಹಿಂದೆಯೇ ಹೋದಳು. ಬೂದಿ ಬಾಲ ಬಡಿಯಿತು. ಮಾಮ ಗೂಡಿನ ಬಾಗಿಲು ತೆಗೆದು ಮೊಣಕಾಲೂರಿ ಕುಳಿತರು. ಚೂಟಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಗ ಮೂಲೆಯಲ್ಲಿದ್ದ ಊಟದ ಬಟ್ಟಲು ಕಣ್ಣಿಗೆ ಬಿತ್ತು.

ಬಟ್ಟಲು ಖಾಲಿಯಾಗಿತ್ತು. ನೆಕ್ಕಿ ನೆಕ್ಕಿ ಫಳಫಳ ಅನ್ನುತ್ತಿತ್ತು.

ಬೂದಿಗೆ ಯಾವತ್ತೂ ಮೊದಲು ಊಟ, ಊಟ ಮುಗಿಯುತ್ತಿದ್ದಂತೆ ಇಂಜೆಕ್ಷನ್. ಅದು ಬಟ್ಟಲು ನೆಕ್ಕುತ್ತಿರುವಾಗಲೇ ಅಮ್ಮ ಕತ್ತಿನ ಹಿಂದೆ ಚುಚ್ಚಿ ಮುಗಿಸಿರುತ್ತಿದ್ದರು. ಹಾಗಾದರೆ ಈಗ ಊಟ ಕೊಟ್ಟಿದ್ದು ಯಾರು?

"ಮಾಮ, ಬೂದಿಗೆ ನೀವು ಊಟ ಹಾಕಿದ್ರಾ?"

"ನಾನಾ? ಇಲ್ವಲ್ಲ. ಅಮ್ಮ ಹಾಕಿ ಹೋಗಿರ್ಬೇಕು. ಅಲುಗಾಡಿಸ್ಬೇಡ, ಗಟ್ಟಿ ಹಿಡ್ಕೋ."

 ಅಮ್ಮ ಊಟ ಹಾಕಿದ್ದರೆ ಇಂಜೆಕ್ಷನ್ನನ್ನೂ ಕೊಟ್ಟಿರಬಹುದು. ಕೊಟ್ಟಿದ್ದರೆ ಸಾಲನ್ನು ಅವರೇ ಅಳಿಸಿರಬಹುದು. ತಾನು ಡಿಲೀಟ್ ಒತ್ತುವ ಮೊದಲೇ ಅದು ಅಲ್ಲಿ ಇರಲಿಲ್ಲವೇನೋ. ಅಥವಾ ಫೋನ್ ಬಂದು ಅಮ್ಮ ಊಟ ಹಾಕಿ ಹಾಗೇ ಓಡಿರಬಹುದು. ಹೇಗೆ ಹೇಳುವುದು? ಮುಗಿದ ಕೆಲಸವೂ ಫೈಲಿನಲ್ಲಿ ಇರುವುದಿಲ್ಲ, ತಪ್ಪಿ ಅಳಿಸಿದ ಕೆಲಸವೂ ಇರುವುದಿಲ್ಲ.

ಮಾಮ ಬೂದಿಯ ಕತ್ತಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಸೂಜಿ ಹತ್ತಿರ ಬಂತು. ಬೂದಿ ನಂಬಿಕೆಯಿಂದ ಚೂಟಿಯ ಮುಖವನ್ನೇ ನೋಡುತ್ತಿತ್ತು.  ಬಾಯಿ ಬಿಟ್ಟರೆ ತನ್ನ ಕಳ್ಳಾಟ ಬಯಲಾಗುತ್ತದೆ. ಬಿಡದಿದ್ದರೆ?

ಅವಳು ತನ್ನ ಅಂಗೈಯನ್ನು ಬೂದಿಯ ಕತ್ತಿನ ಮೇಲೆ ಅಡ್ಡ ಇಟ್ಟುಬಿಟ್ಟಳು.

"ಏಯ್, ಕೈಗೆ ಚುಚ್ಚತ್ತೆ!"

"ಕೊಡ್ಬೇಡಿ ಮಾಮ. ಆ ಸಾಲು... ಅದು ಇರ್ಲಿಲ್ಲ. ನಾನು ಈಗ ಬರೆದಿದ್ದು."

ಮಾಮ ಸೂಜಿಯನ್ನು ಹಿಂದಕ್ಕೆ ತೆಗೆದರು. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವರು ಒಂದೊಂದಾಗಿ ಕೇಳುತ್ತ ಹೋದರು. ನೀನೇ ಅಳಿಸಿದ್ದು ಖಂಡಿತಾನಾ? ಗೊತ್ತಿಲ್ಲ. ಸ್ಕೂಲಿಂದ ಬಂದಾಗ ಆ ಸಾಲು ಇದ್ದಿದ್ದು ನೋಡಿದ್ಯಾ? ಗೊತ್ತಿಲ್ಲ. ಮತ್ತೆ ಯಾಕೆ ಬರೆದೆ? ಚೂಟಿ ಬೂದಿಯ ಕತ್ತಿನ ರೋಮದಲ್ಲಿ ಮುಖ ಹುದುಗಿಸಿದಳು. 

"ಒಂದು ಸಲ ತಪ್ಪಿದ್ರೆ ಏನೂ ಆಗಲ್ಲ," ಅಂದರು ಮಾಮ. "ನೀರು ಜಾಸ್ತಿ ಕುಡಿಯುತ್ತೆ, ಅಷ್ಟೇ. ಎರಡು ಸಲ ಬಿದ್ರೆ ಸಕ್ಕರೆ ಇಳಿದುಹೋಗುತ್ತೆ. ನಡುಗುತ್ತೆ, ಬಿದ್ದುಬಿಡುತ್ತೆ. ಆಮೇಲೆ ಏಳದೇನೂ ಇರ್ಬಹುದು."

ಸೂಜಿಗೆ ಮುಚ್ಚಳ ಹಾಕಿ ತಟ್ಟೆಯಲ್ಲಿಟ್ಟರು. ಅಮ್ಮನ ಫೋನಿಗೆ ಕರೆ ಮಾಡಿದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಒಂದು ಹೆಂಗಸಿನ ಧ್ವನಿ ಸಮಾಧಾನದಿಂದ ಹೇಳಿತು. ಬೂದಿಯ ಕಿವಿಯಂಚಿಗೆ ಸಣ್ಣಗೆ ಚುಚ್ಚಿ, ಒಂದು ಹನಿ ರಕ್ತ ತೆಗೆದು ಪುಟ್ಟ ಮೆಶೀನಿನಲ್ಲಿ ಸಕ್ಕರೆ ನೋಡಿದರು. ಆದರೆ ಉಂಡು ಹೆಚ್ಚು ಹೊತ್ತಾಗಿರದ ನಾಯಿ ಅದು, ಆ ನಂಬರಿನಿಂದ ಏನೂ ಇತ್ಯರ್ಥವಾಗಲಿಲ್ಲ. ಕಾಯುವುದೊಂದೇ ಉಳಿದ ದಾರಿ.

ಗಲಾಟೆ ಕೇಳಿ ಅಣ್ಣ ಬಂದ. ವಿಷಯ ತಿಳಿದು, ಅದಕ್ಕೇ ನಾನು ಹೇಳಿದ್ದು ಅಂತ ಶುರು ಮಾಡಿದವನು ತಂಗಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ತನ್ನ ಫೋನ್ ತೆಗೆದು ಅಮ್ಮನ ನಂಬರ್ ಒತ್ತತೊಡಗಿದ. ಹೋಗಲಿಲ್ಲ. ಮತ್ತೆ ಒತ್ತಿದ. ಹೋಗಲಿಲ್ಲ. ಸಿಗ್ನಲ್ ಸರಿಯಾಗಿ ಸಿಗಲಿ ಅಂತ ಮೆಟ್ಟಿಲ ಮೇಲೆ ಹೋಗಿ ನಿಂತು ಒತ್ತುತ್ತಲೇ ಇದ್ದ.

ಚೂಟಿ ಗೂಡಿನ ಮುಂದೆ ನೆಲದ ಮೇಲೆ ಕುಳಿತಿದ್ದಳು. ಬೂದಿ ಅವಳ ಪಾದಕ್ಕೆ ಮೂತಿ ಆನಿಸಿ ಕಣ್ಣು ಮುಚ್ಚಿತು. ನಿದ್ದೆಯಲ್ಲಿ ಅದರ ಮುಂಗಾಲು ಒಮ್ಮೆ ಪಟ್ ಅಂತ ಅದುರಿತು. ಚೂಟಿಯ ಜೀವವೇ ಬಾಯಿಗೆ ಬಂತು. ಕನಸು ಕಾಣ್ತಿದೆ ಕಣೇ, ಹೆದರಬೇಡ ಅಂದರು ಮಾಮ. ಆದರೆ ಅವರೂ ಅದರ ಕಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸೂಜಿ ಇನ್ನೂ ತಟ್ಟೆಯಲ್ಲೇ ಇತ್ತು. ಅಷ್ಟು ಸಣ್ಣ ಕೊಳವೆಯೊಳಗೆ ಅಷ್ಟೇ ಅಷ್ಟು ನೀರಿನಂಥ ಔಷಧಿ. ಅದನ್ನು ನೋಡಿದಾಗಲೆಲ್ಲ ಚೂಟಿಗೆ ಜುಟ್ಟಿಯ ಮುಖ ಕಣ್ಮುಂದೆ ಬರುತ್ತಿತ್ತು.

ಕಿಟಕಿಯ ಬಿಸಿಲು ಗೋಡೆ ಹತ್ತಿ ಮಂಕಾಗುತ್ತ ಬಂತು. ಇದ್ದಕ್ಕಿದ್ದಂತೆ ಮೆಟ್ಟಿಲ ಮೇಲಿಂದ ಅಣ್ಣ ದಡದಡ ಇಳಿದು ಬಂದ. ಅಮ್ಮ ಸಿಕ್ಕಿದ್ದರು. ಅವನು ಫೋನನ್ನು ಸ್ಪೀಕರಿಗೆ ಹಾಕಿ ಮಧ್ಯದಲ್ಲಿ ಹಿಡಿದ. ಅಮ್ಮನ ಧ್ವನಿಯ ಹಿಂದೆ ಹಸು ಕೂಗುವುದು ಕೇಳುತ್ತಿತ್ತು. ಕರು ಆಯಿತು, ಹೆಣ್ಣು ಕರು, ಈಗ ಹೊರಡ್ತೀನಿ ಅಂತ ಅಮ್ಮ ಒಂದೇ ಉಸಿರಿಗೆ ಹೇಳುತ್ತಿದ್ದರು. ಮಾಮ ನಡುವೆಯೇ ಬೂದಿಯ ಇಂಜೆಕ್ಷನ್ ಆಗಿದೆಯಾ ಅಂತ ಕೇಳಿದರು.

"ಆಯ್ತಲ್ಲ. ಹೊರಡೋಕೆ ಮುಂಚೆ ಊಟ ಹಾಕಿ ಕೊಟ್ಟೇ ಬಂದೆ," ಅಂದರು ಅಮ್ಮ. "ಚೂಟಿ ರೂಲ್ಸಿನ ಪ್ರಕಾರ ಸಾಲನ್ನೂ ಅಳಿಸಿದ್ದೀನಿ. ಯಾಕೆ, ಏನಾಯ್ತು?"

   ಹಲೋ, ಹಲೋ ಅನ್ನುತ್ತಿದ್ದರು ಅಮ್ಮ. ಚೂಟಿ ಫೋನನ್ನು ಅಣ್ಣನ ಕೈಯಿಂದ ತೆಗೆದುಕೊಂಡಳು. ಬನ್ನಿ ಅಮ್ಮ, ನಾನು ಒಂದು ತಪ್ಪು ಮಾಡಿದ್ದೀನಿ, ಬಂದ್ಮೇಲೆ ಹೇಳ್ತೀನಿ, ಬೂದಿ ಚೆನ್ನಾಗಿದೆ ಅಂದಳು. 

ಮಾಮ ಎದ್ದು ಸೂಜಿಯ ಮುಚ್ಚಳ ತೆಗೆದರು. ಸಿಂಕಿನ ಹತ್ತಿರ ಹೋಗಿ ಔಷಧಿಯನ್ನೆಲ್ಲ ಚೆಲ್ಲಿ ನಲ್ಲಿ ತಿರುಗಿಸಿದರು. ನೀರು ಹರಿಯುತ್ತಲೇ ಇತ್ತು. ಅವರು ಅದನ್ನು ನಿಲ್ಲಿಸುವುದನ್ನೇ ಮರೆತು ನಿಂತಿದ್ದರು.

"ನಾನು ನಿನ್ನ ಸಾಲು ನೋಡಿ ಚುಚ್ಚಿಬಿಡ್ತಿದ್ದೆ ಮರಿ," ಅಂದರು ಕೊನೆಗೆ. "ಬೇರೇನನ್ನೂ ನೋಡ್ತಿರ್ಲಿಲ್ಲ."

ಚೂಟಿ ಮುಂದಿನ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ಅವಳು ಬರೆದ ಸಾಲು ಇನ್ನೂ ಅಲ್ಲೇ ಇತ್ತು. ಅದನ್ನು ನೋಡಲೂ ನಾಚಿಕೆಯಾಯಿತು. ಬೆರಳು ತಾನಾಗಿ ಡಿಲೀಟಿನ ಮೇಲೆ ಹೋಯಿತು. ಒಂದೇ ಒಂದು ಸಲ ಒತ್ತಿ ಹಿಡಿದರೆ ಸಾಕು, ಇಂಥದ್ದೊಂದು ನಡೆದೇ ಇಲ್ಲ ಅನ್ನುವಂತಾಗುತ್ತದೆ.

ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಸಾಲಿನ ಪಕ್ಕದಲ್ಲೇ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ನಿಧಾನವಾಗಿ ಬರೆದಳು. 'ಇದು ಸುಳ್ಳು. ಕೊಟ್ಟಾಗಿದೆಯೋ ಇಲ್ಲವೋ ಗೊತ್ತಿಲ್ಲದೆ ನಾನು ಬರೆದದ್ದು. ಅಮ್ಮ ಮೊದಲೇ ಕೊಟ್ಟಿದ್ದರು. ಈಗ ಕೊಡಬೇಡಿ. - ಚೂಟಿ.'

ಆಮೇಲೆ ಮಾಮನನ್ನು ಕರೆದಳು. ಮಾಮ ಬಂದು, ಕನ್ನಡಕ ಮೇಲೇರಿಸಿ, ಕುರ್ಚಿಯ ಬೆನ್ನು ಹಿಡಿದು ಬಗ್ಗಿ ಓದತೊಡಗಿದರು. ಚೂಟಿ ಪರದೆಯ ಕಡೆ ನೋಡಲಿಲ್ಲ. ಕುರ್ಚಿ ಹಿಡಿದಿದ್ದ ಮಾಮನ ಕೈಯನ್ನೇ ನೋಡುತ್ತಿದ್ದಳು. ಅವಳು ಬರೆದದ್ದನ್ನು ನಂಬಿ ಸೂಜಿ ಎತ್ತಿದ್ದ ಕೈ ಅದು.