ಮೈಕ್ ಆಫ್ ಆಗಿರಲಿಲ್ಲ

ನಮ್ಮ ಚಿತ್ರಮಂದಿರದಲ್ಲಿ ಶನಿವಾರ ಮಧ್ಯಾಹ್ನದ ಆಟ ಮುಗಿದ ಕೂಡಲೇ ಯಾರೂ ಏಳುವುದಿಲ್ಲ. ಅರ್ಧ ದೀಪ ಹೊತ್ತುತ್ತದೆ, ಹಿಂದಿನ ಬಾಗಿಲಿನಿಂದ ನಾನು ಮೈಕ್ ಹಿಡಿದು ಬರುತ್ತೇನೆ. ಕೈ ಎತ್ತಿದವರ ಬಳಿಗೆ ಹೋಗಿ ಮೈಕ್ ಕೊಡುವುದು, ಅವರು ಸಿನಿಮಾ ಬಗ್ಗೆ ಅಭಿಪ್ರಾಯ ಹೇಳಿ ಮುಗಿಸಿದ ಮೇಲೆ ವಾಪಸ್ ಇಸಿದುಕೊಂಡು ಮುಂದಿನವರ ಬಳಿಗೆ ಹೋಗುವುದು. ಇಷ್ಟೇ ಕೆಲಸ. ನಡುವೆ ನಾನು ಮೈಕಿನಲ್ಲಿ ತುಟಿ ಬಿಚ್ಚುವಂತಿಲ್ಲ ಎಂಬುದು ಮ್ಯಾನೇಜರ್ ಹಾಕಿದ ನಿಯಮ. ನನಗೂ ಅದೇ ಬೇಕಿತ್ತು ಅನ್ನಿ.

ಕನ್ನಡಕದವರು ಕೂರುವುದು ಏಳನೇ ಸಾಲಿನ ತುದಿ ಸೀಟಿನಲ್ಲಿ. ಪಕ್ಕದ ರಸ್ತೆಯಲ್ಲಿ ಅವರದು ಕನ್ನಡಕದ ಅಂಗಡಿ. ಊರಿನ ಅರ್ಧ ಜನರ ಮೂಗಿನ ಅಳತೆ ಅವರಿಗೆ ಬಾಯಿಪಾಠ. ಪ್ರತಿ ಶನಿವಾರ ತಪ್ಪದೆ ಕೈ ಎತ್ತುತ್ತಾರೆ. ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದರೆ ಕೈ ಇಳಿಸಿ, ನನ್ನನ್ನೇ ನೋಡಿ ಮೆಲ್ಲಗೆ ನಗುತ್ತಾರೆ.

"ಏನ್ ಸರ್, ಹೇಳಿ."

"ಮರೆತುಹೋಯ್ತು ಮೇಡಂ."

"ಪ್ರತಿ ವಾರ ಮರೆತುಹೋಗುತ್ತಲ್ಲ?"

"ನೀವು ದೂರ ಇರೋವಾಗ ಎಲ್ಲ ನೆನಪಿರುತ್ತೆ. ಹತ್ತಿರ ಬಂದಾಗಲೇ ಈ ಗತಿ."

"ಹಾಗಾದ್ರೆ ಮುಂದಿನ ವಾರ ಅಲ್ಲಿಂದಲೇ ಕೂಗಿ ಹೇಳಿ. ನನ್ನ ಮಂಡಿಗಾದ್ರೂ ಆರಾಮ ಸಿಗಲಿ."

ಹೀಗೆ ಮಾತಾಡಿ ಕೆಳಗಿಳಿಯುವಾಗ ಬೆನ್ನಿಗೆ ಅವರ ನೋಟ ತಗಲುತ್ತಿತ್ತು. ತೆರೆಯ ಮೇಲೆ ಹೆಸರುಗಳು ಇನ್ನೂ ಮೇಲೇರುತ್ತಿರುತ್ತವೆ, ಆ ಬೆಳಕು ಸೀಟುಗಳ ಮೇಲೆ ನೀಲಿಯಾಗಿ ಹರಡಿರುತ್ತದೆ. ಆ ಹದಿನೈದು ನಿಮಿಷ ನನಗೆ ವಯಸ್ಸು ನಲವತ್ತೊಂದು ಅನ್ನುವುದೇ ನೆನಪಿರುತ್ತಿರಲಿಲ್ಲ.

ಕಾಫಿಗೆ ಬನ್ನಿ ಎಂದು ಅವರು ಮೂರು ಸಲ ಕರೆದಿದ್ದರು. ಮೂರು ಸಲವೂ ಕೆಲಸವಿದೆ ಎಂದೆ. ಇದ್ದದ್ದು ಕೆಲಸವಲ್ಲ, ಹೆದರಿಕೆ. ಕಾಫಿಗೆ ಕೂತರೆ ಮನೆಯ ಮಾತು ಬರುತ್ತದೆ, ಮನೆಯ ಮಾತು ಬಂದರೆ ಮದುವೆಯ ಮಾತು ಬರುತ್ತದೆ. ನನ್ನ ಗಂಡ ಹನ್ನೊಂದು ವರ್ಷ ಸಂಸಾರ ಮಾಡಿ, ತನ್ನ ಮನಸ್ಸು ಒಲಿಯುವುದು ಗಂಡಸರಿಗೇ ಎಂದು ಒಂದು ಮಧ್ಯಾಹ್ನ ಹೇಳಿದ. ಜಗಳವಿಲ್ಲದೆ ಬೇರೆಯಾದೆವು. ಅವನ ಕಡೆಯವರಿಗೆ ಅವನೇ ಎಲ್ಲವನ್ನೂ ಹೇಳಿಕೊಂಡ. ಈಗ ತನ್ನ ಸಂಗಾತಿಯ ಜೊತೆ ಸುಖವಾಗಿದ್ದಾನೆ. ನಾನು ಮಾತ್ರ ನನ್ನ ಕಡೆಯವರಿಗೆ "ಹೊಂದಾಣಿಕೆ ಆಗಲಿಲ್ಲ" ಎಂದು ಹೇಳಿ ಸುಮ್ಮನಾದೆ. ನಿಜ ಹೇಳಿದ್ದು ಅತ್ತಿಗೆ ಒಬ್ಬಳಿಗೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅಷ್ಟು ವರ್ಷ ಒಂದೇ ಮನೇಲಿದ್ದು ನಿನಗೆ ಗೊತ್ತೇ ಆಗಲಿಲ್ವೇನೆ?"

ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಆ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದರೆ ತಡೆದುಕೊಳ್ಳಬಹುದು. ಕನ್ನಡಕದವರು ಕೇಳಿದರೆ ತಡೆದುಕೊಳ್ಳಲಾರೆ. ಅವರು ನನಗೆ ಅಷ್ಟು ಇಷ್ಟವಾಗಿದ್ದರು.

ಹೀಗಿರುವಾಗ ಆ ಸಿನಿಮಾ ಬಂತು. ಮದುವೆಯಾದ ಒಬ್ಬ ಗಡಿಯಾರ ರಿಪೇರಿಯವನು, ಅವನು ಪ್ರೀತಿಸುವ ಒಬ್ಬ ಈಜು ಕಲಿಸುವವನು, ಕೊನೆಗೆ ಹೆಂಡತಿಯ ಮುಂದೆ ಕೂತು ಸತ್ಯ ಹೇಳುವುದು. ಚಂದವಾಗಿಯೇ ತೆಗೆದಿದ್ದರು. ನಾನು ಕತ್ತಲಲ್ಲಿ ಬಾಗಿಲಿಗೊರಗಿ ನೋಡಿದೆ, ಕಣ್ಣೊರೆಸಿಕೊಂಡು ಮೈಕ್ ಎತ್ತಿಕೊಂಡೆ.

ಅಭಿಪ್ರಾಯಗಳು ಸುರಿದವು. ಮುಂದಿನ ಸಾಲಿನ ಬ್ಯಾಂಕಿನವರು, "ಮೊದಲೇ ಗೊತ್ತಿದ್ದ ಮೇಲೆ ಮದುವೆ ಯಾಕಾಗಬೇಕಿತ್ತು?" ಎಂದರು. ಕಾಲೇಜಿನ ಹುಡುಗಿಯೊಬ್ಬಳು, "ಎಲ್ಲರೂ ಬಲವಂತ ಮಾಡಿದ್ರೆ ಇನ್ನೇನು ಮಾಡ್ತಾನೆ? ಆ ಈಜುಕೊಳದ ಸೀನಲ್ಲಿ ನಾನು ಅತ್ತೇಬಿಟ್ಟೆ," ಎಂದಳು. ದಪ್ಪ ಮೀಸೆಯ ಕಂಟ್ರಾಕ್ಟರ್ ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡೇ ಮಾತಾಡಿದರು. "ಹೆಂಡತಿ ಪಾತ್ರ ನಂಬೋ ಹಾಗಿಲ್ಲ. ಜೊತೇಲಿ ಇದ್ದವಳಿಗೆ ಗೊತ್ತಾಗದೆ ಇರುತ್ತಾ? ಕಣ್ಣೇನು ಕುರುಡಾ?"

ನಾನು ನಗುಮುಖದಿಂದ ಮೈಕ್ ಇಸಿದುಕೊಂಡೆ. ಸಂಬಳ ಕೊಡುವುದೇ ಅದಕ್ಕೆ.

ಏಳನೇ ಸಾಲಿನಲ್ಲಿ ಕೈ ಮೇಲೆದ್ದಿತ್ತು. ಇವತ್ತೂ ಮರೆತುಹೋಗಲಿ ದೇವರೇ ಅಂದುಕೊಂಡೇ ಹತ್ತಿದೆ. ಇವತ್ತು ಅವರಿಗೆ ಮರೆತುಹೋಗಲಿಲ್ಲ.

"ನನಗೆ ಗಂಡನ ಮೇಲೆ ಸಿಟ್ಟಿಲ್ಲ," ಎಂದರು ಮೈಕಿನಲ್ಲಿ. "ಅಷ್ಟು ಧೈರ್ಯ ಎಲ್ಲರಿಗೂ ಬರಲ್ಲ. ಆದ್ರೆ ಆ ಹೆಂಡತೀನ ನೋಡಿ ಪಾಪ ಅನ್ನಿಸ್ತು. ಅಷ್ಟು ವರ್ಷದಲ್ಲಿ ಒಂದು ದಿನಾನೂ ಅವಳಿಗೆ ಪ್ರೀತಿ ಸಿಗಲಿಲ್ಲ."

ನನ್ನ ಮೈ ಉರಿದುಹೋಯಿತು. ಮೈಕ್ ಇಸಿದುಕೊಂಡು ಅಭ್ಯಾಸದಂತೆ ಹೆಬ್ಬೆರಳಿನಿಂದ ಸ್ವಿಚ್ ಕೆಳಗೆಳೆದೆ. ಬೆರಳು ಬೆವತಿತ್ತು. ಎಳೆದೆ ಎಂದುಕೊಂಡೆ, ಅಷ್ಟೇ. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿದೆ.

"ಪ್ರೀತಿ ಸಿಗಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ನನ್ನ ಗಂಡನೂ ಹೀಗೇ ಎದುರು ಕೂತು ಹೇಳಿ ಹೋದವನೇ. ನನಗೆ ಆಪರೇಷನ್ ಆದಾಗ ಎರಡು ತಿಂಗಳು ಅವನೇ ತಲೆ ಬಾಚಿ ಜಡೆ ಹಾಕಿದ. ಅದು ಪ್ರೀತಿ ಅಲ್ವಾ? ನಾನು ಕೇಳಿದ್ದು ಅವನ ಹತ್ರ ಇರಲಿಲ್ಲ, ಇದ್ದದ್ದನ್ನ ಪೂರ್ತಿ ಕೊಟ್ಟ. ನನ್ನ ಹನ್ನೊಂದು ವರ್ಷನ ಪಾಪ ಅಂತ ಒಂದೇ ಮಾತಲ್ಲಿ ಗುಡಿಸಿ ಹಾಕಬೇಡಿ."

ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಮೈಕನ್ನು ನೋಡುತ್ತಿದ್ದರು. ಆಗ ಕೇಳಿಸಿತು, ಎರಡೂ ಗೋಡೆಗಳ ಸ್ಪೀಕರಿನಿಂದ ನನ್ನದೇ ಏದುಸಿರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ನೂರು ಜನ ಕತ್ತು ತಿರುಗಿಸಿ ಕೂತಿದ್ದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮೂರು ವರ್ಷದಿಂದ ಮುಚ್ಚಿಟ್ಟಿದ್ದನ್ನು ಮೂರು ನಿಮಿಷದೊಳಗೆ ಊರಿಗೆಲ್ಲ ಹಂಚಿದ್ದೆ, ಅದೂ ಯಾರಿಂದ ಮುಚ್ಚಿಡಬೇಕಿತ್ತೋ ಅವರ ಮುಂದೆಯೇ.

ಓಡಿಹೋಗಬೇಕೆಂದು ತಿರುಗಿದಾಗ ಮೂರನೇ ಸಾಲಿನಿಂದ ನಿವೃತ್ತ ಟೀಚರ್ ಒಬ್ಬರು ಎದ್ದು ನಿಂತರು.

"ಹೇಳಮ್ಮಾ, ನಿಲ್ಲಿಸಬೇಡ. ನಾವೆಲ್ಲ ಬರೀ ಸಿನಿಮಾ ನೋಡಿದವರು."

ನಾನು ನಿಂತಲ್ಲೇ ಮೈಕ್ ಮೇಲೆತ್ತಿದೆ.

"ಗೊತ್ತಾಗಲಿಲ್ವಾ ಅಂತ ಎಲ್ಲರೂ ಕೇಳ್ತೀರಿ. ಏನೋ ಒಂದು ಕಡಿಮೆ ಇದೆ ಅಂತ ಗೊತ್ತಿತ್ತು. ಅದು ನನ್ನಲ್ಲೇ ಅಂದ್ಕೊಂಡಿದ್ದೆ. ದಪ್ಪ ಆದೆ ಅಂತ ಒಂದು ವರ್ಷ, ಜಾಸ್ತಿ ಮಾತಾಡ್ತೀನಿ ಅಂತ ಇನ್ನೊಂದು ವರ್ಷ ನನ್ನನ್ನೇ ಬೈಕೊಂಡೆ. ಅವನು ನಿಜ ಹೇಳಿದ ದಿನ ತುಂಬಾ ಅತ್ತೆ. ಆದ್ರೆ ಅವತ್ತೇ ತಿಳಿದಿದ್ದು, ತಪ್ಪು ನಂದಲ್ಲ ಅಂತ. ಅವಂದೂ ಅಲ್ಲ ಅನ್ನೋದಕ್ಕೆ ಇನ್ನೂ ಸ್ವಲ್ಪ ದಿನ ಹಿಡೀತು."

ಕಂಟ್ರಾಕ್ಟರ್ ತಲೆ ತಗ್ಗಿಸಿ ಮೀಸೆ ಸವರಿಕೊಳ್ಳುತ್ತಿದ್ದರು. ನಾನು ಕನ್ನಡಕದವರ ಕಡೆ ನೋಡುವ ಧೈರ್ಯ ಮಾಡಿದೆ. ಇನ್ನು ಇವರು ಏನು ಕೇಳುತ್ತಾರೋ ಎಂದು ಕಾದೆ.

ಅವರು ಎದ್ದು ನಿಂತು, ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿದರು. ಅವರ ಬೆರಳು ನನ್ನ ಬೆರಳಿನ ಮೇಲಿತ್ತು.

"ನಾನು ಹೇಳಿದ್ದು ತಪ್ಪಾಯ್ತು," ಎಂದರು ಮೆಲ್ಲಗೆ. "ಒಂದು ಕೇಳಲಾ?"

ಬಂತು, ಅಂದುಕೊಂಡೆ.

"ಅವರು ನಿಜ ಹೇಳಿದ ಆ ದಿನ, ನೀವು ಊಟ ಮಾಡಿದ್ರಾ?"

ಮೂರು ವರ್ಷದಲ್ಲಿ ಬೇರೆಯಾದದ್ದರ ಬಗ್ಗೆ ಜನ ಏನೇನೋ ಕೇಳಿದ್ದರು. ಇದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ.

"ಇಲ್ಲ," ಎಂದೆ. "ಎರಡು ದಿನ ಮಾಡಲಿಲ್ಲ."

"ಯಾರೂ ಕರೀಲಿಲ್ವಾ?"

"ಆಗಿನ್ನೂ ಯಾರಿಗೂ ಹೇಳಿರಲಿಲ್ಲ."

ಹಿಂದಿನ ಸಾಲಿನಿಂದ ಯಾರೋ "ಕೇಳಿಸ್ತಿಲ್ಲ ಸ್ವಾಮಿ" ಎಂದರು. ಟೀಚರ್ ಅವರನ್ನು ಗದರಿದರು. ಕನ್ನಡಕದವರು ಕೈ ತೆಗೆಯಲಿಲ್ಲ.

"ನೀವು ಅಂದ್ರೆ ನನಗೆ ಇಷ್ಟ," ಎಂದರು. "ಕೈ ಎತ್ತೋದು ಅಭಿಪ್ರಾಯ ಹೇಳೋಕಲ್ಲ ಅಂತ ನಿಮಗೂ ಗೊತ್ತು. ಊಟಕ್ಕೆ ಬನ್ನಿ. ಹೇಳೋದು ಇನ್ನೂ ಇದ್ರೆ ಹೇಳಿ, ಇಲ್ಲದಿದ್ರೆ ಸುಮ್ಮನೆ ತಿನ್ನಿ. ನಾನು ಎದುರು ಕೂತಿರ್ತೀನಿ."

"ಮೂರು ಸಲ ಇಲ್ಲ ಅಂದಿದ್ದು ಕೆಲಸ ಇತ್ತು ಅಂತಲ್ಲ," ಎಂದೆ. "ನೀವು ಇಷ್ಟ ಆಗಿಬಿಟ್ಟಿದ್ರಿ. ಅದಕ್ಕೇ ಹೆದರಿಕೆ."

"ಈಗ?"

"ಈಗ ಊರಿಗೇ ಗೊತ್ತಾಯ್ತಲ್ಲ. ಇನ್ನೇನು ಹೆದರಲಿ?"

ಅವರು ನಕ್ಕರು, ನನಗೂ ಅಳುವಿನ ನಡುವೆಯೇ ನಗು ಬಂತು. ಇಳಿದುಹೋಗಿ ಮೈಕನ್ನು ಟೀಚರ್ ಕೈಗಿಟ್ಟೆ. ಇನ್ನೂ ನಾಲ್ಕೈದು ಜನ ಕೈ ಎತ್ತಿದ್ದರು, ಮ್ಯಾನೇಜರ್ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದರು. ಅವರನ್ನು ದಾಟಿ ಇಬ್ಬರೂ ಹೊರಗೆ ಬಂದೆವು.

ರಸ್ತೆಯ ತುಂಬ ನಾಲ್ಕು ಗಂಟೆಯ ಬಿಸಿಲು ಬಿದ್ದಿತ್ತು. ಇಷ್ಟು ಹೊತ್ತು ಕತ್ತಲಲ್ಲಿದ್ದ ಕಣ್ಣಿಗೆ ಎಲ್ಲವೂ ಸ್ವಲ್ಪ ಮಸುಕಾಗಿ, ಬಂಗಾರದ ನೀರಿನಲ್ಲಿ ತೇಲುವಂತೆ ಕಂಡವು. ಅವರು ನನ್ನ ಹೆಜ್ಜೆಗೆ ತಮ್ಮ ಹೆಜ್ಜೆ ನಿಧಾನ ಮಾಡಿಕೊಂಡು, ಏನು ತಿನ್ನುತ್ತೀರಿ ಎಂದು ಕೇಳಿದರು. ನನಗೆ ನಿಜಕ್ಕೂ ಹಸಿವಾಗಿತ್ತು.