ಮಂಚದ ಹಿಂದಿನ ಗೋಡೆ

"ಯಾರ್ರೀ ಅದನ್ನ ಆಫ್ ಮಾಡಿದ್ದು! ನಮ್ಮವ್ವನ್ನ ಸಾಯಿಸ್ತೀರಾ?"

ಪಕ್ಕದ ಮನೆಯ ದ್ಯಾವಮ್ಮ ಫೋನ್ ಮಾಡಿದ್ದೇ ತಡ, ಶಾಲೆಯಿಂದ ಓಡಿಬಂದಿದ್ದ ಮಲ್ಲಿಕಾಂಬ ಬಾಗಿಲಲ್ಲೇ ಕಿರುಚಿದಳು. ಒಳಕೋಣೆಯಲ್ಲಿ ಆಕ್ಸಿಜನ್ ಮೆಷಿನ್ ಸದ್ದಿಲ್ಲದೆ ನಿಂತಿತ್ತು. ಅದರ ಪ್ಲಗ್ಗು ಒಬ್ಬ ಗಂಡಸಿನ ಕೈಯಲ್ಲಿತ್ತು!

"ಹೆದರ್ಬೇಡಿ, ಸಿಲಿಂಡರಿಗೆ ಹಾಕಿದ್ದೀನಿ. ಮೆಷಿನ್ ಒಂದೇ ಸಮ ಬಡ್ಕೊತಿತ್ತು. ಇಲ್ಲೆಲ್ಲೋ ಸುಟ್ಟ ವಾಸನೆ ಬೇರೆ ಬತ್ತಿದೆ ಕಣ್ರೀ."

ಹೌದು... ಅವ್ವ ತೀರ್ಥಮ್ಮನ ಮೂಗಿನ ಕೊಳವೆ ಸಣ್ಣ ಸಿಲಿಂಡರಿಗೆ ಸೇರಿತ್ತು. ಎದೆ ಮೆಲ್ಲಗೆ ಏರಿಳಿಯುತ್ತಿತ್ತು.

ಆಗ ಮಲ್ಲಿಕಾಂಬ ಅವನ ಮುಖ ನೋಡಿದಳು.

ವಿಶ್ವಾರಾಧ್ಯ!

ಆರು ವರ್ಷದ ಹಿಂದೆ ಕಡೂರಿನಿಂದ ಅಜ್ಜಂಪುರದ ಇದೇ ಮನೆಗೆ ಹೆಣ್ಣು ನೋಡಲು ಬಂದವನು. ಜಗಲಿಯಲ್ಲಿ ಕೂತು ಅವಳನ್ನು ನಗಿಸಿದವನು. ಅವತ್ತೇ ಅವಳ ಮನಸ್ಸು ಸೋತಿತ್ತು. ಆಮೇಲೆ ಅವ್ವ ಹೇಳಿದ್ದು ಒಂದೇ ಮಾತು: 'ಹುಡುಗ ಬೇಡ ಅಂದ್ನಂತೆ.'

"ಪಕ್ಕದ ಮನೆಯೋರು ಮೊದ್ಲೇ ಫೋನ್ ಮಾಡಿದ್ರಂತೆ, ಮೆಷಿನ್ ಬಾಡಿಗೆ ಅಂಗಡಿಯೋರು ನನ್ನ ಕಳಿಸಿದ್ರು," ಅವನು ತಲೆ ತಗ್ಗಿಸಿದ. "ಇಲ್ಲಿಗೆ ಬರೋವರ್ಗೂ ನಿಮ್ಮನೆ ಅಂತ ಗೊತ್ತಿರ್ಲಿಲ್ಲ."

ಮಾತಿಗೆ ಸಮಯವಿರಲಿಲ್ಲ. ಸಿಲಿಂಡರು ಒಂದು ಗಂಟೆ ಬಂದರೆ ಹೆಚ್ಚು. ತರೀಕೆರೆಯ ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು.

ಅವನು ಮೆಷಿನ್, ಅದೇ ತಂತಿಯ ಫ್ರಿಜ್ ಎರಡನ್ನೂ ಒಂದು ಕ್ಷಣ ಓಡಿಸಿ ಅಳೆದ. "ಮೀಟರ್ ಬೋರ್ಡಲ್ಲಿ ಇನ್ನೂರ ಇಪ್ಪತ್ತೆಂಟು ವೋಲ್ಟ್ ಇದೆ. ಈ ಕೋಣೇಲಿ ನೂರ ಎಪ್ಪತ್ತಾರೇ! ಕರೆಂಟು ನಾಲ್ಕು ಆಂಪಿಯರ್."

ಮಲ್ಲಿಕಾಂಬ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. "ಐವತ್ತೆರಡು ವೋಲ್ಟ್ ದಾರೀಲೇ ಹೋಗ್ತಿದೆ. ನಾಲ್ಕರಿಂದ ಭಾಗಿಸಿದ್ರೆ... ಹದಿಮೂರು ಓಮ್!"

"ಇಷ್ಟು ತಂತಿಗೆ ಒಂದು ಓಮೂ ಇರಬಾರ್ದು. ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ."

"ಐವತ್ತೆರಡನ್ನ ನಾಲ್ಕರಿಂದ ಗುಣಿಸಿದ್ರೆ..." ಅವಳು ಗೋಡೆಯತ್ತ ತಿರುಗಿದಳು. "ಇನ್ನೂರ ಎಂಟು ವ್ಯಾಟ್! ಅಷ್ಟೂ ಬಿಸಿ ಒಂದೇ ಜಾಗದಲ್ಲಿ..."

ಇಬ್ಬರೂ ಗೋಡೆ ಮುಟ್ಟುತ್ತ ಹೋದರು. ನಡುಮನೆ ತಣ್ಣಗಿತ್ತು. ಬಾಗಿಲ ಪಕ್ಕ ತಣ್ಣಗಿತ್ತು. ಅವ್ವನ ಮಂಚದ ಹಿಂದೆ ಮಲ್ಲಿಕಾಂಬಳ ಅಂಗೈ ಚುರ್ರೆಂದಿತು!

"ಇಲ್ಲಿ ಕಣ್ರೀ... ಇಲ್ಲಿ!"

ಅವನು ಮೇನ್ ಆಫ್ ಮಾಡಿ ಗಾರೆ ಒಡೆದ. ಹೊಸೆದ ತಂತಿಗಳು ಕಪ್ಪಗೆ ಸುಟ್ಟಿದ್ದವು. ಹತ್ತಿ ಹಾಸಿಗೆ ಅಲ್ಲಿಂದ ಒಂದು ಗೇಣು ದೂರ. ಆಕ್ಸಿಜನ್ ತುಂಬಿದ ಕೋಣೆ. ಕಿಡಿ ಬಿದ್ದಿದ್ದರೆ?

ಮಂಚ ಎಳೆದು, ಮೀಟರಿನಿಂದ ನೇರ ಹೊಸ ತಂತಿ ಎಳೆದು ಮುಗಿಸುವಷ್ಟರಲ್ಲಿ ಸಿಲಿಂಡರಿನ ಮುಳ್ಳು ಕೆಂಪಿಗಿಳಿದಿತ್ತು. ಮೆಷಿನ್ ಗುಂಯ್ ಎಂದಾಗ ಮಲ್ಲಿಕಾಂಬ ಅವ್ವನ ಕೊಳವೆಯನ್ನು ಮತ್ತೆ ಅದಕ್ಕೆ ಸೇರಿಸಿದಳು.

ಅವನು ನೀರು ಕುಡಿದು ಹೊರಟುಹೋದ. 'ಯಾಕೆ ನನ್ನ ಬೇಡ ಅಂದ್ರಿ?' ಅವಳು ಕೇಳಲಿಲ್ಲ.

ಅವನು ಹೋದಮೇಲೆ ತೀರ್ಥಮ್ಮ ಮಗಳ ಸೆರಗು ಹಿಡಿದಳು.

"ಮಲ್ಲೀ... ಆ ಹುಡುಗ ಬೇಡ ಅಂದಿರ್ಲಿಲ್ಲ ಕಣೇ. ನಾನೇ... ನಿಂಗೆ ಇಷ್ಟ ಇಲ್ಲ ಅಂತ ಹೇಳಿ ಕಳಿಸ್ಬಿಟ್ಟೆ. ನಿಮ್ಮಪ್ಪ ಹೋಗಿದ್ರು... ನೀನೂ ಹೋದ್ರೆ ನಾನೊಬ್ಳೇ ಅಂತ..."

ಮಲ್ಲಿಕಾಂಬ ಸೆರಗು ಬಿಡಿಸಿಕೊಂಡಳು.

ಆಮೇಲೂ ಗಂಜಿ ಕುಡಿಸಿದಳು, ಮೈ ಒರೆಸಿದಳು, ಮಗ್ಗುಲು ಬದಲಿಸಿದಳು. ಮಾತು ಮಾತ್ರ ಆಡಲಿಲ್ಲ. ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು... ಒಂದು ಬೆಳಗ್ಗೆ ಕಾಫಿ ತಂದಾಗ ಆ ಕಣ್ಣು ಹಾಗೇ ತೆರೆದಿತ್ತು. ಉಸಿರಿರಲಿಲ್ಲ.

ಮಲ್ಲಿಕಾಂಬ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ಊರವರು ಅದನ್ನು ಆಡಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಮೆಷಿನ್ ಒಯ್ಯಲು ವಿಶ್ವಾರಾಧ್ಯ ಗಾಡಿ ಮಾಡಿಕೊಂಡು ಬಂದ. ಅವಳು ಬಾಗಿಲಿಗೆ ಒರಗಿ ನಿಂತೇ ಎಲ್ಲ ಹೇಳಿದಳು.

"ಪರವಾಗಿಲ್ಲ ಅವ್ವ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಅದನ್ನೇ ಕಾಯ್ತಾ ಹೋಗ್ಬಿಟ್ಳು..."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಕರೆಂಟ್ ಕೆಲಸದೋನು ಟೀಚರಿಗೆ ಬೇಡವಾದ ಅಂದ್ಕೊಂಡಿದ್ದೆ. ಈ ಕಡೆ ಬಸ್ಸೂ ಹತ್ತಿರ್ಲಿಲ್ಲ."

"ಮದುವೆ...?"

"ಮನಸ್ಸಾಗ್ಲಿಲ್ಲ." ಅವನು ಅಂಗೈ ಉಜ್ಜಿಕೊಂಡ. "ಈಗ ಕೇಳೋಣ ಅಂದ್ರೆ ನಿಮ್ಮನೇಲಿ ದೊಡ್ಡೋರು ಯಾರೂ ಇಲ್ಲ. ಯಾರನ್ನ ಕೇಳ್ಲಿ?"

"ಈ ಸಲ ನನ್ನನ್ನೇ ಕೇಳ್ರಿ."

ಅವನು ಎದ್ದು ನಿಂತ. "ನನ್ನ ಜೊತೆ ಬಾಳ್ತೀರಾ, ಮಲ್ಲಿಕಾಂಬ?"

"ಹೂಂ..." ಎಂದಳು. ಆ ಒಂದು ಅಕ್ಷರದ ಜೊತೆಗೇ ಇಷ್ಟು ದಿನ ಬಾರದ ಅಳು ನುಗ್ಗಿ ಬಂತು. "ಅವ್ವಾ... ಅವ್ವಾ..." ಎನ್ನುತ್ತ ಅವಳು ಹೊಸ್ತಿಲಲ್ಲೇ ಕುಸಿದಳು.

ಅವನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ.

"ರಸ್ತೇಲಿ ಗಾಡಿಯೋನು ಕಾಯ್ತಿದ್ದಾನಲ್ಲಾ..." ಬಿಕ್ಕುತ್ತಲೇ ಅಂದಳು.

"ಕಾಯ್ಲಿ ಬಿಡಿ. ನೀವು ಅತ್ತು ಮುಗಿಸಿ."