ಮೌನಳ ಹೊಸ ಕನ್ನಡಕ

“ಅಯ್ಯೋ, ಸೋಡಾಬುಡ್ಡಿ!” ಎಂದು ವೀಕ್ಷಾ ಜೋರಾಗಿ ನಕ್ಕಳು.

ಅಷ್ಟೇ ಸಾಕಾಯಿತು. ಐದನೇ ಕ್ಲಾಸಿನವರೆಲ್ಲ ತಿರುಗಿ ಮೌನಳ ಹೊಸ ಕನ್ನಡಕ ನೋಡಿ ಗೊಳ್ಳೆಂದು ನಕ್ಕರು.

ಮೌನಳ ಮುಖ ಕೆಂಪಾಯಿತು. “ನಗಬೇಡ ಅಂತ ನಿನ್ನೆ ತಾನೇ ಹೇಳಿದ್ದೆ. ನೆನಪಿಲ್ವಾ?”

ವೀಕ್ಷಾಳಿಗೆ ಒಂದಕ್ಷರವೂ ನೆನಪಿರಲಿಲ್ಲ. ಹೋದ ವರ್ಷ ಸ್ಕೂಟರಿನಿಂದ ಬಿದ್ದು ಅವಳ ಮಿದುಳಿಗೆ ಪೆಟ್ಟಾಗಿತ್ತು. ಗಾಯ ಮಾಯಿತು, ಕೂದಲೂ ಬೆಳೆಯಿತು. ಹಳೆಯ ಪದ್ಯಗಳೆಲ್ಲ ಈಗಲೂ ಪಟಪಟ ಬರುತ್ತವೆ. ನಿನ್ನೆಯ ಮಾತು ಮಾತ್ರ ಮಂಗಮಾಯ!

ಆದರೆ ‘ನೆನಪಿಲ್ಲ’ ಎಂದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ. ಅದು ಅವಳಿಗೆ ಒಂಚೂರೂ ಆಗದು.

“ನೆನಪುಂಟು ಮಾರಾಯ್ತಿ! ಸುಮ್ನೆ ತಮಾಷೆಗೆ ನಗಾಡಿದೆ” ಎಂದುಬಿಟ್ಟಳು.

“ನೆನಪಿದ್ದೂ ನಕ್ಯಾ? ಪೋಡೀ, ಹೋಗೇ! ನನ್ ಹತ್ರ ಮಾತಾಡ್ಬೇಡ.” ಮೌನ ಕಣ್ಣೊರೆಸಿಕೊಂಡು ಮುಂದಿನ ಬೆಂಚಿಗೆ ಹೋಗಿ ಒಬ್ಬಳೇ ಕುಳಿತಳು. ವೀಕ್ಷಾಳಿಗೆ ಆ ಶಾಲೆಯಲ್ಲಿ ಇದ್ದ ಗೆಳತಿ ಅವಳೊಬ್ಬಳೇ.

ಸಂಜೆ ವೀಕ್ಷಾ ಪೋರೂರು ಪೇಟೆಯ ಹೋಟೆಲಿಗೆ ಹೋದಳು. ಅವಳ ಅಪ್ಪ ಸದಾನಂದ ಅಲ್ಲಿ ದೋಸೆ ಹೊಯ್ಯುವವರು. ಕ್ಲಾಸಿನಲ್ಲಿ ಯಾವ ಪಾಠ ಆಯಿತೆಂದು ಅವಳಿಗೆ ಆಗಲೇ ಮರೆತಿತ್ತು. ಮೌನಳ ಅಳುಮುಖ ಮಾತ್ರ ಮರೆತಿರಲಿಲ್ಲ.

“ಎರಡು ಮಸಾಲೆ, ಒಂದು ಪ್ಲೇನ್, ಒಂದು ರವೆ ಈರುಳ್ಳಿ ಇಲ್ಲದೆ!” ಸಪ್ಲೈಯರ್ ಕಿಟ್ಟಣ್ಣ ಕೂಗಿದರು.

“ಎರಡು ಮಸಾಲೆ, ಒಂದು ಪ್ಲೇನ್... ಮತ್ತೆ ಎಂತ? ಪುನಃ ಹೇಳಿ ಕಿಟ್ಟಣ್ಣ!” ಅಪ್ಪ ತಿರುಗಿ ಕೂಗಿದರು. ಕಿಟ್ಟಣ್ಣ ಬೇಸರವಿಲ್ಲದೆ ಮತ್ತೆ ಹೇಳಿದರು.

“ಅಪ್ಪ, ಮರೆತದ್ದನ್ನು ಎಲ್ಲರೆದುರು ಕೇಳ್ಲಿಕ್ಕೆ ನಿಂಗೆ ನಾಚಿಕೆ ಆಗುದಿಲ್ವಾ?”

“ಎಂತ ನಾಚಿಕೆ? ದಿನಾ ಕೇಳ್ತೇನೆ. ಗೊತ್ತುಂಟು ಅಂತ ಹೊಯ್ದುಬಿಟ್ರೆ, ಈರುಳ್ಳಿ ಬೇಡ ಅಂದವರಿಗೆ ಈರುಳ್ಳಿಯೇ ಹೋಗ್ತದೆ!”

ವೀಕ್ಷಾ ನಗಲಿಲ್ಲ. ಮನೆಗೆ ಹೋದ ಕೂಡಲೇ ಅಮ್ಮನ ಬೆನ್ನು ಹತ್ತಿದಳು. “ಅಮ್ಮ, ನಾಳೆ ಶಾಲೆ ಗೇಟಲ್ಲಿ ನೆನಪು ಮಾಡು. ನೆನಪುಂಟು ಅಂದದ್ದು ಸುಳ್ಳು ಅಂತ ಮೌನಳಿಗೆ ಹೇಳ್ಲಿಕ್ಕುಂಟು.”

ಮರುದಿನ ಗೇಟಲ್ಲಿ ಅಮ್ಮ ಮರೆಯದೆ ಎಲ್ಲವನ್ನೂ ನೆನಪಿಸಿದರು. ವೀಕ್ಷಾ ಸೀದಾ ಮುಂದಿನ ಬೆಂಚಿನ ಬಳಿ ಹೋಗಿ ನಿಂತಳು.

“ಮೌನ, ಸಾರಿ. ನಂಗೆ ನೆನಪಿರ್ಲಿಲ್ಲ. ನೆನಪುಂಟು ಅಂದದ್ದು ಸುಳ್ಳು. ನೀನು ಎಂತ ಹೇಳಿದ್ದೆ? ಇನ್ನೊಮ್ಮೆ ಹೇಳ್ತೀಯಾ?”

ಮೌನ ದುರುಗುಟ್ಟಿ ನೋಡಿದಳು. “ಲೂಸಾ ನೀನು? ಮರ್ತಿದ್ರೆ ಮರ್ತೆ ಅನ್ನೋಕೇನು! ಬೇಕೂಂತ್ಲೇ ನಕ್ಕೆ ಅಂದ್ಕೊಂಡು ಎಷ್ಟು ಅತ್ತೆ ಗೊತ್ತಾ?” ಆಮೇಲೆ ದನಿ ತಗ್ಗಿಸಿದಳು. “ಎಲ್ರೂ ನಗ್ತಾರೆ, ನೀನೊಬ್ಳು ನಗಬೇಡ, ನನ್ ಪಕ್ಕ ಕೂತ್ಕೋ ಅಂದಿದ್ದೆ. ಅಷ್ಟೇ.”

ವೀಕ್ಷಾ ಬ್ಯಾಗ್ ತಂದು ಅವಳ ಪಕ್ಕ ಕುಳಿತಳು.

“ನಾಳೆ ನಾನು ಪುನಃ ಮರೆತು ಹಿಂದಿನ ಬೆಂಚಿಗೆ ಹೋದ್ರೆ?”

“ಕರೀತೀನಿ.”

“ನಾಡಿದ್ದು?”

“ನಾಡಿದ್ದೂ ಕರೀತೀನಿ ಕಣೇ! ಮಿಸ್ ಬಂದ್ರು, ಸುಮ್ನಿರು.”

ವೀಕ್ಷಾ ಪುಸ್ತಕ ತೆರೆದಳು. ನಾಳೆ ಮರೆತರೂ ಮರೆಯಬಹುದು. ಆದರೆ ಮೌನಳ ಹತ್ತಿರ ಅದನ್ನು ಮುಚ್ಚಿಡಬೇಕಾಗಿಲ್ಲವಲ್ಲ! ಹಾಗೆಂದುಕೊಂಡಾಗ ಅವಳಿಗೆ ಅಳು ಬಂದಂತಾಯಿತು, ನಗುವೂ ಬಂತು.